ಸುಲಭದ ಪುಸ್ತಕ

"ಪಕ್ಕದಲ್ಲಿ ಕೂತವರ ಹೆಸರೇನು, ಯಾವ ಊರು, ಏನು ಕೆಲಸ ಮಾಡುತ್ತಾರೆ, ಎಲ್ಲ ಫ್ರೆಂಚಿನಲ್ಲೇ ಹೇಳಿ," ಎಂದು ಜಯಂತಿ ಮೇಡಂ ತಮಿಳಿನಲ್ಲಿ ಹೇಳಿ ಗಂಗಾದೇವಿಯತ್ತ ಪೆನ್ನು ತೋರಿಸಿದರು.

ಗಂಗಾದೇವಿಯ ಪಕ್ಕದಲ್ಲಿ ಕೂತಿದ್ದವನು ಅವಳ ಗಂಡ ಮುನೀಶ್.

ತಮಿಳು ಸೀಮೆಯ ಗಡಿಯಲ್ಲಿದ್ದ ಮೂಕಂಡಪಲ್ಲಿಯ ಆ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಫ್ರಾನ್ಸಿನವರು ಫ್ಯಾಕ್ಟರಿಯನ್ನು ಕೊಂಡ ಮೇಲೆ, ಹೊಸ ಮಿಷನ್ ಕಲಿಯಲು ಕೆಲಸಗಾರರಲ್ಲಿ ಇಬ್ಬರನ್ನು ಆರಿಸಿ ಆರು ತಿಂಗಳು ಅಲ್ಲಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಹೋಗಿ ಬಂದವರು ಲೈನಿನಲ್ಲಿ ಕಾಲು ಸೋಲುವಂತೆ ನಿಲ್ಲಬೇಕಿಲ್ಲ, ಬೇರೆಯವರಿಗೆ ಕಲಿಸಿದರೆ ಸಾಕು. ಅದಕ್ಕೇ ಶನಿವಾರ ಶನಿವಾರ ಕ್ಯಾಂಟೀನಿನ ಮೇಜು ಒರೆಸಿ ಫ್ರೆಂಚ್ ಕ್ಲಾಸು. ಇಷ್ಟು ದಿನ ಎಲ್ಲರಿಗೂ ಒಟ್ಟಿಗೆ ಪಾಠ ಮಾಡಿದ್ದ ಪುದುಚೇರಿಯ ಮೇಡಂ, ಇವತ್ತು ಯಾರ ಮಟ್ಟ ಎಷ್ಟೆಂದು ನೋಡಿ ಪುಸ್ತಕ ಹಂಚುವವರಿದ್ದರು. ಮಾತು ಬಂದವರಿಗೆ ಸಂಭಾಷಣೆಯ ಪುಸ್ತಕ, ಬಾರದವರಿಗೆ ಚಿತ್ರದ ಪುಸ್ತಕ. ಫ್ರಾನ್ಸಿಗೆ ಹೋಗುವವರನ್ನು ಆರಿಸುವುದು ಸಂಭಾಷಣೆಯ ಗುಂಪಿನಿಂದ ಮಾತ್ರ.

ಗಂಗಾದೇವಿಗೆ ಇದು ನೀರು ಕುಡಿದಷ್ಟು ಸುಲಭ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ತವರಿನ ಬೀದಿಯಲ್ಲಿ ತೆಲುಗು. ಮೂರನ್ನೂ ಕಿವಿಯಲ್ಲೇ ಹಿಡಿದವಳಿಗೆ ನಾಲ್ಕನೆಯದು ತಾನಾಗಿ ಬಂದು ಕೂತಿತ್ತು. ಭಾನುವಾರ ಮನೆಯ ಗುಲಾಬಿ ತೋಟದಲ್ಲಿ ಮೊಗ್ಗು ಕೊಯ್ಯುತ್ತ ಗಂಡನಿಗೆ ಪಾಠ ಹೇಳಿಕೊಡುತ್ತಿದ್ದವಳೂ ಅವಳೇ.

"ಇಲ್ ಸಪೆಲ್..." ಎಂದು ಶುರು ಮಾಡಿದಳು. ಅವರ ಹೆಸರು... ಮುಂದಕ್ಕೆ ನಾಲಿಗೆ ಏಳಲಿಲ್ಲ.

ಮದುವೆಯಾದಾಗಿನಿಂದ ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಅವನ ಆಯುಸ್ಸು ಸವೆಯುತ್ತದೆಂದು ಅವಳು ಮನೆಗೆ ಬಂದ ಹೊಸತರಲ್ಲೇ ಅತ್ತೆ ನರಸಮ್ಮ ಎಚ್ಚರಿಸಿದ್ದಳು. ಅದನ್ನು ತಾನು ನಂಬುತ್ತೇನೋ ಇಲ್ಲವೋ ಗಂಗಾದೇವಿಗೇ ತಿಳಿಯದು, ನಾಲಿಗೆಯಂತೂ ನಂಬಿಬಿಟ್ಟಿತ್ತು. ರೇಷನ್ ಅಂಗಡಿಯವನು ಕೇಳಿದರೂ ಹಿಂದೆ ನಿಂತ ಹೆಂಗಸರು ಹೇಳಬೇಕು, ಇವಳು ತಲೆಯಾಡಿಸಬೇಕು.

ಕ್ಯಾಂಟೀನಿನಲ್ಲೂ ಹಿಂದಿನ ಮೇಜಿನಲ್ಲಿ ಹೆಂಗಸರಿದ್ದರು. ವಿಷಯವೇನೆಂದು ಅವರಿಗೆ ಗೊತ್ತಿತ್ತು. ಗಂಡನೇ ಸುಮ್ಮನಿರುವಾಗ ನಮಗೇಕೆ ಎಂದುಕೊಂಡರೋ, ಒಬ್ಬಳು ಕಡಿಮೆಯಾದರೆ ಒಳ್ಳೆಯದೇ ಎಂದುಕೊಂಡರೋ, ಯಾರೂ ತುಟಿ ಎರಡು ಮಾಡಲಿಲ್ಲ. ಮೇಡಂ ಕಾದರು. ಮುನೀಶ್ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಹೇಳಿದ್ದು ಬೇರೆಯೇ.

"ಅವಳಿಗೆ ಅಷ್ಟೆಲ್ಲ ಬರಲ್ಲ ಮೇಡಂ. ಸುಲಭದ ಪುಸ್ತಕವನ್ನೇ ಕೊಡಿ," ಎಂದ ತಮಿಳಿನಲ್ಲಿ, ಬಹಳ ಮರುಕದಿಂದ.

ಮೇಡಂ ಕೊಟ್ಟ ಪುಸ್ತಕದ ಮೇಲೆ ಟೋಪಿ ಹಾಕಿಕೊಂಡ ಬಾತುಕೋಳಿಯಿತ್ತು. ಯಾರೋ ಕಿಸಕ್ಕನೆ ನಕ್ಕರು. ಗಂಗಾದೇವಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮುನೀಶ್ ಮಾತ್ರ ಅವಳೇ ಕಲಿಸಿದ್ದ ನಾಲ್ಕು ವಾಕ್ಯ ಒಪ್ಪಿಸಿ ಸಂಭಾಷಣೆಯ ಪುಸ್ತಕ ಪಡೆದ.

ಕಂಪನಿ ಬಸ್ಸಿನಲ್ಲಿ ಅವಳು ಕೇಳಿದಳು: "ಯಾಕಂಗಂದ್ಬುಟ್ರಿ? ಹೆಸ್ರು ಹೇಳಾಕಿಲ್ಲ ಅಂತ ನಿಮ್ಗೆ ಗೊತ್ತಿಲ್ವಾ?"

"ಬಾಯಿ ಬರ್ದೆ ಇದ್ದಿದ್ದು ನಿಂಗೆ. ನನ್ಮೇಲೆ ಯಾಕೆ ಹಾಕ್ತೀಯಾ?" ಎಂದ ಮುನೀಶ್. ಆಮೇಲೆ ದನಿ ತಗ್ಗಿಸಿ, "ಒಂದೇ ಮನೇಲಿ ಇಬ್ರುನ್ನೂ ಕಳಿಸ್ತಾರಾ? ನೀನು ಹೋಗಿ ನಾನು ಉಳ್ಕಂಡ್ರೆ ಊರಾಗೆ ಮೊಖ ಎತ್ಕಂಡು ತಿರ್ಗಾಕಾಯ್ತದೇನೆ?"

ಮುಂದಿನ ಶನಿವಾರ ಅವಳು ಎಲ್ಲರಿಗಿಂತ ಮೊದಲೇ ಹೋಗಿ ಮೇಡಂ ಎದುರು ನಿಂತಳು. ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಂದೇ ಉಸಿರಿಗೆ, "ಇಲ್ ಸಪೆಲ್ ಮುನೀಶ್," ಎಂದಳು. ಅವನ ಊರು, ಕೆಲಸ, ಅವನ ತೋಟದ ಗುಲಾಬಿ, ಎಲ್ಲವನ್ನೂ ಫ್ರೆಂಚಿನಲ್ಲಿ ತಡೆಯಿಲ್ಲದೆ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಹಿಂದಿನ ಮೇಜಿನ ಹೆಂಗಸರು ಬಾಗಿಲಲ್ಲಿ ಬಂದು ನಿಂತಿದ್ದರು. ಗಂಡನನ್ನು ತಾನೇ ಕೈಯಾರೆ ಏನೋ ಮಾಡಿಬಿಟ್ಟೆ ಎಂಬ ಭಯ, ಜೊತೆಗೇ ಗೆದ್ದೆ ಎಂಬ ಸಂತೋಷ.

ಮೇಡಂ ಮುಖ ಅರಳಿತು. "ರೊಂಬ ನಲ್ಲಾ ಇರುಕ್ಕು! ನೋಡಿದಿರಾ, ಚಿತ್ರದ ಪುಸ್ತಕ ಕೊಟ್ಟ ಒಂದೇ ವಾರಕ್ಕೆ ಎಷ್ಟು ಸುಧಾರಿಸಿದ್ದೀರಿ! ನಿಮಗೆ ಸರಿಯಾದ ಪುಸ್ತಕ ಅದೇ. ವರ್ಷವಿಡೀ ಅದನ್ನೇ ಓದಿ." ಗುಂಪುಗಳ ಪಟ್ಟಿ ಆಗಲೇ ಆಫೀಸಿಗೆ ಹೋಗಿತ್ತು.

ಅವಳು ಗಂಡನ ಹೆಸರು ಹೇಳಿದ ಸುದ್ದಿ ಮಾತ್ರ ಅವಳಿಗಿಂತ ಮುಂಚೆ ಮನೆ ಸೇರಿತು.

ಸಂಭಾಷಣೆಯ ಗುಂಪಿನಿಂದ ಮುನೀಶನ ಹೆಸರು ಬಂತು. ಫ್ರಾನ್ಸಿನ ಅಧಿಕಾರಿಯೊಬ್ಬರು ಬಂದು ಮಾತಾಡಿಸಿ ನೋಡುವುದಷ್ಟೇ ಬಾಕಿ. ಅದರ ಹಿಂದಿನ ಸಂಜೆ ಅವನು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೆಂಡತಿಯನ್ನು ಕರೆದ. "ಬಾರೆ, ಹೇಳ್ಕೊಡು."

"ನಾನು ಬಾತುಕೋಳಿ ಪುಸ್ತಕದೋಳು. ನಂಗೇನ್ ಬತ್ತದೆ?" ಎಂದಳು ಗಂಗಾದೇವಿ.

ಅವರೆಕಾಯಿ ಸುಲಿಯುತ್ತಿದ್ದ ನರಸಮ್ಮ ಕೆರಳಿದಳು. "ಹೆಸ್ರು ಕೂಗಿ ಅವನ್ ಆಯುಸ್ಸು ತಿಂದಿದ್ದು ಸಾಲ್ದಾ? ಈಗ ಅನ್ನಕ್ಕೂ ಕಲ್ಲು ಹಾಕ್ತೀಯಾ? ಕೂತ್ಕ!"

ಗಂಗಾದೇವಿ ಕೂತಳು. ಅವನ ಸಂಭಾಷಣೆಯ ಪುಸ್ತಕ ತೆರೆದು, ಉದ್ದುದ್ದ ವಾಕ್ಯಗಳನ್ನೆಲ್ಲ ಬಿಟ್ಟು, ಅವನ ಬಾಯಿಗೆ ಹಿಡಿಸುವಷ್ಟೇ ಚಿಕ್ಕವನ್ನು ಆರಿಸಿ ಒಂದೊಂದಾಗಿ ಹೇಳಿಕೊಟ್ಟಳು. ಅವನು ಒಪ್ಪಿಸಿದ.

"ಇನ್ನೊಂದದೆ," ಎಂದ ಕೊನೆಗೆ. "ನಿನ್ ಹೆಂಡ್ತಿನೂ ಇಲ್ಲೇ ಕೆಲ್ಸ ಮಾಡ್ತಾಳಲ್ಲ, ಅವಳ್ನ ಯಾಕೆ ಕಳಿಸ್ಬಾರ್ದು ಅಂತ ಕೇಳ್ಬುಟ್ರೆ? ನನ್ ಹೆಂಡ್ತಿಗೆ ಫ್ರೆಂಚ್ ಬರಾಕಿಲ್ಲ ಅನ್ನಾದು ಹೆಂಗೆ?"

ಗಂಗಾದೇವಿ ಅವನ ಮುಖ ನೋಡಿದಳು. ಅಲ್ಲಿ ಕೀಟಲೆಯಿರಲಿಲ್ಲ. ನಿಜವಾಗಿಯೂ ಕಲಿಯಲೆಂದೇ ಕೇಳಿದ್ದ. ಅವಳು ಪುಸ್ತಕ ಮುಚ್ಚಿದಳು. ನರಸಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದಳು.

"ಮಾ ಫಾಮ್ ನ ಪಾರ್ಲ್ ಪಾ ಫ್ರಾಂಸೆ," ಎಂದಳು ಗಂಗಾದೇವಿ.

"ಮಾ ಫಾಮ್... ನ ಪಾಲ್..."

"ಪಾರ್ಲ್. 'ರ' ಗಂಟಲಿಂದ ಬರ್ಬೇಕು," ಎಂದು ತನ್ನ ಕುತ್ತಿಗೆ ಮುಟ್ಟಿ ತೋರಿಸಿದಳು.

ಅವನೂ ಕುತ್ತಿಗೆ ಮುಟ್ಟಿಕೊಂಡು ಪೂರ್ತಿ ಹೇಳಿದ.

"ಎಷ್ಟ್ ಚೆಂದಾಗಿ ಹೇಳ್ತವ್ನೆ ನನ್ ಮಗ!" ಎಂದಳು ನರಸಮ್ಮ.

"ಇನ್ನೂ ಸರಿಯಾಗಿಲ್ಲ," ಎಂದಳು ಗಂಗಾದೇವಿ. "ಇನ್ನೊಂದ್ ಸಲ ಹೇಳಿ."