ಎಂಬತ್ತನಾಲ್ಕು ಮೀಟರ್

ಮಳೆಗಾಲಕ್ಕೆ ವಾರವೂ ಉಳಿದಿರಲಿಲ್ಲ. ಬೆಳಗಿನ ಎಂಟು ಗಂಟೆಗೇ ಮೋಡ ಕೆಳಗಿಳಿದು ಗಾಳಿ ಬಿದ್ದುಹೋಗಿತ್ತು. ಬಿಸಿ ಡಾಂಬರಿನ ಹೊಗೆ ಮೇಲೇಳಲಾರದೆ ಆಳುಗಳ ಮೊಣಕಾಲಿನ ಮಟ್ಟದಲ್ಲೇ ಸುತ್ತುತ್ತಿತ್ತು. ಮುಂದೆ ಇಬ್ಬರು ಗಾಳಿಯಂತ್ರ ಹಿಡಿದು ಹಳೆಯ ಜಲ್ಲಿರಸ್ತೆಯ ಧೂಳು ಊದುತ್ತಿದ್ದರು. ಅವರ ಹಿಂದೆ ಡಾಂಬರು ಹಾಸುವ ಯಂತ್ರ, ಅದರ ಹಿಂದೆ ರೋಲರ್. ಸಾವಿರದಿನ್ನೂರು ಮೀಟರ್ ರಸ್ತೆಯಲ್ಲಿ ಎಂಟುನೂರು ಮುಗಿದಿತ್ತು. ಉಳಿದದ್ದು ಒಂಬತ್ತು ಮನೆಗಳ ಓಣಿ. ಅದರ ಕಟ್ಟಕಡೆಯ ಮನೆ ಲೆಕ್ಕದವನ ಅಕ್ಕನದು.

ಎಷ್ಟು ಡಾಂಬರು ಬೇಕೆಂಬ ಅಂದಾಜು ಗುತ್ತಿಗೆದಾರನ ಕಡೆಯ ಈ ಲೆಕ್ಕದವನದೇ. ಉದ್ದ, ಅಗಲ, ದಪ್ಪ ಗುಣಿಸಿ, ರೋಲರ್ ಅಮುಕಿದ ಮೇಲೂ ಐದು ಸೆಂಟಿಮೀಟರ್ ನಿಲ್ಲುವಂತೆ ನೋಡಿಕೊಂಡು, ಪೋಲಾಗುವುದಕ್ಕೆಂದು ನೂರಕ್ಕೆ ಐದು ಸೇರಿಸಿ ಐನೂರ ಮೂವತ್ತು ಟನ್ ಎಂದು ಬರೆದಿದ್ದ. ಹತ್ತು ಟನ್ನಿನ ಐವತ್ತಮೂರು ಲಾರಿ. ಹದಿನೆಂಟು ವರ್ಷದಲ್ಲಿ ಅವನ ಲೆಕ್ಕ ಒಂದು ಲಾರಿಗಿಂತ ಹೆಚ್ಚು ತಪ್ಪಿದ್ದಿಲ್ಲ.

ರಸ್ತೆ ಮೊದಲು ಎಂಟನೇ ಮನೆಗೇ ನಿಲ್ಲುವುದಿತ್ತು. ಅದರಾಚೆ ಗಾಡಿ ತಿರುಗಲು ಜಾಗವಿರಲಿಲ್ಲ. ಭಾವನಿಗೆ ಲಕ್ವ ಹೊಡೆದು ಎರಡು ವರ್ಷ. ಗಾಲಿಕುರ್ಚಿ ಜಲ್ಲಿಯ ಮೇಲೆ ಉರುಳುತ್ತಿರಲಿಲ್ಲ, ಆಸ್ಪತ್ರೆಯ ಗಾಡಿಯವರು ಓಣಿಗೆ ಇಳಿಯುತ್ತಿರಲಿಲ್ಲ. ಲೆಕ್ಕದವನೇ ಅಕ್ಕನಿಗೆ ಹೇಳಿದ್ದ, "ಮನೆ ಮುಂದಿನ ತರಕಾರಿ ಮಡಿ ಬಿಟ್ಟುಕೊಡು ಅಕ್ಕ. ಡಾಂಬರು ನಿನ್ನ ಮೆಟ್ಟಿಲು ಮುಟ್ಟಿಸೋದು ನನ್ನ ಜವಾಬ್ದಾರಿ." ಅವಳು ಅವರೆ ಚಪ್ಪರ ಕಿತ್ತು, ಗಾಡಿ ತಿರುಗಲೆಂದು ಮಡಿಯನ್ನು ರಸ್ತೆಗೆ ಬರೆದುಕೊಟ್ಟಿದ್ದಳು.

ಒಂಬತ್ತೂವರೆಗೆ ಗಾಳಿಯಂತ್ರ ಓಣಿಗೆ ಇಳಿಯಿತು. ಧೂಳಲ್ಲ, ಹೆಂಟೆಹೆಂಟೆ ಮಣ್ಣೇ ಎದ್ದು ಹಾರಿತು. ಅದು ಹೋದ ಕಡೆ ಗಾಡಿಯ ಚಕ್ರ ಕೊರೆದ ಎರಡು ಹಳ್ಳ ಬಾಯ್ಬಿಟ್ಟವು, ಒಂದೊಂದೂ ಮೊಳದಗಲ. ಲೆಕ್ಕದವನು ಬಗ್ಗಿ ಕೈಯಿಟ್ಟು ನೋಡಿದ. ನಾಲ್ಕು ಬೆರಳು ಆಳ. ಜಲ್ಲಿ ತಂದು ಅಮುಕಲು ಈಗ ಹೊತ್ತಿಲ್ಲ, ಡಾಂಬರೇ ತುಂಬಬೇಕು.

ರೋಲರ್ ಡ್ರೈವರ್ ಮೇಲಿನಿಂದಲೇ ಇಣುಕಿದ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಸಾರ್. ಇಲ್ಲಿ ಹಾಸಿಗೇನೇ ಕಾಲು ನುಂಗ್ತಾ ಇದೆ."

ಅಳತೆಯ ದಿನ ಈ ಹಳ್ಳಗಳಿರಲಿಲ್ಲ. ತಮ್ಮ ಅಳೆಯಲು ಬರುತ್ತಾನೆಂದು ಅಕ್ಕ ಒಂಬತ್ತು ಮನೆಯವರನ್ನೂ ಕಟ್ಟಿಕೊಂಡು, ಹಿಂದಿನ ಸಂಜೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಳ್ಳ ತುಂಬಿ, ನೀರು ಚಿಮುಕಿಸಿ, ಮಣೆಯಿಂದ ಬಡಿದು ಸಾರಿಸಿದಂತೆ ಮಾಡಿಟ್ಟಿದ್ದಳು. ಅವನು ಬಂದಾಗ ಎಲ್ಲರೂ ಹೆಣ್ಣು ನೋಡಲು ಬರುವವರನ್ನು ಕಾದಂತೆ ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತು ಮೀಟರಿಗೊಮ್ಮೆ ಕಬ್ಬಿಣದ ಸರಳು ಚುಚ್ಚಿ ನೆಲದ ಗಟ್ಟಿತನ ನೋಡುವುದು ಅವನ ಪದ್ಧತಿ. ಆ ಓಣಿಯಲ್ಲಿ ಚುಚ್ಚಲಿಲ್ಲ. ಉಂಡ ಮನೆಯ ಜಂತೆ ಎಣಿಸಿದಂತಾದೀತು ಎನಿಸಿ, ಸರಳನ್ನು ಬೆನ್ನ ಹಿಂದೆ ಹಿಡಿದು ನಡೆದಿದ್ದ. ಮಟ್ಟವಾದ ನೆಲ ಎಂದು ಬರೆದುಕೊಂಡಿದ್ದ.

ಗುತ್ತಿಗೆದಾರ ಜೀಪಿನಿಂದ ಇಳಿದು ಬಂದ. ಲೆಕ್ಕದವನು ಹೇಳಿದ್ದನ್ನು ಪೂರ್ತಿ ಕೇಳಿದ.

"ಎಷ್ಟು ಕಮ್ಮಿ ಬೀಳುತ್ತೆ?"

"ಐದು ಲಾರಿ."

"ಇವತ್ತು ಬರೋ ಲಾರಿಗಳೇ ಕೊನೆ. ಡಾಂಬರು ಪ್ಲಾಂಟಲ್ಲಿರೋ ಜಲ್ಲಿ ನಮ್ಮ ಲೆಕ್ಕಕ್ಕೇ ಸರಿಹೋಗುತ್ತೆ, ಅಷ್ಟು ತುಂಬಿ ಬೆಂಕಿ ಆರಿಸಿದ್ರೆ ಮಳೆ ಮುಗಿಯೋವರೆಗೂ ಹಚ್ಚಲ್ಲ."

"ಇಲ್ಲಿಂದ ದಪ್ಪ ಇಳಿಸಿದ್ರೆ?"

"ಸರ್ಕಾರದವರು ತೂತು ಕೊರೆದು ದಪ್ಪ ನೋಡ್ತಾರಪ್ಪ. ನಿನಗೆ ನಾನು ಹೇಳಿಕೊಡಬೇಕಾ?"

"ಮಳೆ ಕಳೆದ ಮೇಲೆ ಅಷ್ಟನ್ನೇ ಹಾಕಿಕೊಡಿ. ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ."

"ಆಗ ಈ ಮೆಷಿನ್ನು ಎಲ್ಲಿರುತ್ತೋ. ಹಾಸಿದಷ್ಟಕ್ಕೆ ಬಿಲ್ಲು, ಫೈಲು ಮುಚ್ಚಿದ್ರು ಅಂದ್ರೆ ಮುಗೀತು." ಆಮೇಲೆ ದನಿ ತಗ್ಗಿಸಿ ಕೇಳಿದ, "ಕೊನೇ ಮನೆ ನಿಮ್ಮಕ್ಕನದೇ ಅಲ್ವಾ?"

"ಹೌದು."

"ಥೂ," ಎಂದು ಗುತ್ತಿಗೆದಾರ ಜೀಪು ಹತ್ತಿದ.

ಕೆಲಸ ನಿಲ್ಲಲಿಲ್ಲ. ಲೆಕ್ಕದವನು ಪ್ರತಿ ಲಾರಿ ಖಾಲಿಯಾದಾಗಲೂ ಟೇಪು ಹಿಡಿದ. ಮೊದಲೆಲ್ಲ ಇಪ್ಪತ್ತು ಮೀಟರಿಗೂ ಮಿಕ್ಕಿ ಹೋಗುತ್ತಿದ್ದ ಲಾರಿ ಈಗ ಹದಿನೇಳಕ್ಕೆ ಮುಗಿಯುತ್ತಿತ್ತು. ಟೇಪು ಸುಳ್ಳು ಹೇಳುತ್ತಿರಲಿ ಎಂದು ಅವನು ಒಂದು ಲಾರಿಯದನ್ನು ಎರಡು ಸಲ ಅಳೆದ. ಮೂರೂವರೆಗೆ ಕೊನೆಯ ಲಾರಿ ಏಳನೇ ಮನೆಯ ಮುಂದೆ ಬೆನ್ನೆತ್ತಿ, ತಳ ಕೆರೆಸಿಕೊಂಡು ಹೊರಟಿತು. ಆಳುಗಳು ಡಾಂಬರಿನ ಅಂಚನ್ನು ಸಲಿಕೆಯಿಂದ ಇಳಿಜಾರಾಗಿ ತಟ್ಟಿದರು. ಅಲ್ಲಿಂದ ಅಕ್ಕನ ಮೆಟ್ಟಿಲಿಗೆ ಎಂಬತ್ತನಾಲ್ಕು ಮೀಟರ್.

ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು ಆ ಅಂಚಿನ ಹತ್ತಿರ ನಿಂತಳು.

"ಇನ್ನೊಂದು ಗಾಡಿ ಬರುತ್ತಾ ತಮ್ಮ?"

"ಇಲ್ಲಕ್ಕ. ಸಾಲಲಿಲ್ಲ."

"ನಾಳೆ?"

"ನಾಳೆಯೂ ಇಲ್ಲ. ಮಳೆ ಕಳೆದ ಮೇಲೂ ಇಲ್ಲ."

ಅವಳು ರೋಲರಿನ ಕಡೆ ನೋಡಿದಳು, ಅವನ ಕಡೆ ನೋಡಿದಳು. "ಎಲ್ಲಿ ತಪ್ತು?"

ಅವಳ ಉಗುರಿನ ಸಂದಿಯಲ್ಲಿ ಹಿಟ್ಟು ಮೆತ್ತಿತ್ತು. ಲೆಕ್ಕದವನು ಅದನ್ನೇ ನೋಡುತ್ತ ಹೇಳಿದ, "ಗುಣಿಸೋವಾಗ ತಪ್ಪಿದೀನಿ."

"ನಾವು ಅಷ್ಟು ಮಟ್ಟ ಮಾಡಿ ಕೊಟ್ಟಿದ್ವಲ್ಲೋ. ಆದರೂ ತಪ್ಪಿದ್ಯಾ?"

"ಹೂಂ."

"ಚಿಕ್ಕೋನಿದ್ದಾಗಿಂದ ಲೆಕ್ಕದಲ್ಲಿ ನಿನ್ನ ಬಿಟ್ರೆ ಇಲ್ಲ ಅಂತ ಕುಣೀತಿದ್ಳು ಅಮ್ಮ," ಎಂದಳು. ಬೈದಂತಿರಲಿಲ್ಲ. ಮನೆ ಕಡೆ ನೋಡಿ ಕೇಳಿದಳು, "ಹಂಗಾದ್ರೆ ಆ ಮಡಿ ವಾಪಸ್ ಕೊಡ್ತಾರಾ? ಗಾಡಿನೇ ಬರಲ್ಲ ಅಂದ್ಮೇಲೆ."

"ಬರೆದುಕೊಟ್ಟಾಗಿದೆಯಲ್ಲಕ್ಕ. ಅದು ರಸ್ತೆ ಲೆಕ್ಕಕ್ಕೆ ಹೋಯ್ತು."

"ಓ," ಎಂದಳು ಅಕ್ಕ.

ಅವಳು ತಿರುಗಿ, ಊದಿ ಬರಿದಾದ ಹಳ್ಳದಲ್ಲಿ ಕಾಲು ಉಳುಕದಂತೆ ನೋಡಿಕೊಂಡು ಮನೆ ಕಡೆ ನಡೆದಳು. ಅವನು ಹಿಂದೆಯೇ ಹೋದ, ಮೆಟ್ಟಿಲು ಹತ್ತಲಿಲ್ಲ. ತೆರೆದ ಬಾಗಿಲಲ್ಲಿ ಭಾವ ಓಣಿಯ ಕಡೆಗೇ ಮುಖ ಮಾಡಿ ಗಾಲಿಕುರ್ಚಿಯಲ್ಲಿ ಕೂತಿದ್ದ. ಹೊರಗೆ ಹೊರಡುವವನಂತೆ ತಲೆ ಬಾಚಿತ್ತು, ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಕುತ್ತಿಗೆಯವರೆಗೂ ಹಾಕಿತ್ತು.

ಅಕ್ಕ ಗಂಡನ ಮುಂದೆ ಕುಕ್ಕರಿಸಿ ಮೇಲಿನ ಗುಂಡಿಗೆ ಕೈಹಾಕಿದಳು.

"ಇವತ್ತಿಲ್ಲವಂತೆ," ಎಂದಳು. "ಕೈ ಎತ್ತಿ, ಅಂಗಿ ಬಿಚ್ತೀನಿ."