ಅನುಮತಿ ಇಲ್ಲದ ಉತ್ತರ

ಕಾಸಾಬ್ಲಾಂಕಾದ ಆ ದೊಡ್ಡ ಆಸ್ಪತ್ರೆ ಸಮೂಹದಲ್ಲಿ ಮಾಹಿತಿ ಭದ್ರತೆಯ ಹೊಣೆ ಅಬ್ದೆಲ್‌ಹಕ್‌ನದು. ಸಿಬ್ಬಂದಿಗೆ ನೆರವಾಗಲೆಂದು ತಂದಿದ್ದ ಎಐ ಸಹಾಯಕವನ್ನು ಸೋಮವಾರ ಎಲ್ಲ ಶಾಖೆಗಳಿಗೂ ತೆರೆಯುವುದಿತ್ತು. ಅದಕ್ಕೆ ಮೊದಲು ಅದರ ಬಾಯಿ ಬಿಡಿಸಲು ನೋಡುವುದು ಅವನ ಕೆಲಸ.

ಕ್ಯಾಂಟೀನ್ ಗುಮಾಸ್ತನ ಮಟ್ಟದ ಖಾತೆಯೊಂದರಿಂದ ಒಳಹೊಕ್ಕು, ದಾಖಲೆಗಳಲ್ಲಿ ಇರಲಾರದ ಹೆಸರು ಕೇಳೋಣವೆಂದು ಅಕ್ಕ ಝೋರ್‌ಳ ಹೆಸರು ಹೊಡೆದ. ಆಸ್ಪತ್ರೆ ಎಂದರೆ ಮೂಗು ಮುರಿಯುವವಳು ಅವಳು.

ಉತ್ತರ ಸೌಜನ್ಯದಿಂದ ಬಂತು. ಸ್ತನ ಕ್ಯಾನ್ಸರ್, ಯಕೃತ್ತಿಗೂ ಹರಡಿದೆ, ಕೀಮೋ ನಡೆಯುತ್ತಿದೆ. ಹುಟ್ಟಿದ ದಿನ, ಮನೆ ವಿಳಾಸ ಎಲ್ಲ ಅವಳದೇ. ಇನ್ನೇನಾದರೂ ಬೇಕೇ ಎಂದೂ ಕೇಳಿತ್ತು.

ಅವನು ಅದನ್ನು ಎರಡು ಸಲ ಓದಿದ. ಸಹಾಯಕ ಎಲ್ಲ ಕಡತಗಳನ್ನೂ ಓದುತ್ತದೆ, ಕೇಳುತ್ತಿರುವವರು ಯಾರೆಂದು ನೋಡುವುದಿಲ್ಲ ಎಂದು ವರದಿ ಬರೆದ. ಪುರಾವೆಗೆ ಅಕ್ಕನದನ್ನು ಬಿಟ್ಟು, ತನ್ನದೇ ಮಂಡಿ ಶಸ್ತ್ರಚಿಕಿತ್ಸೆಯ ವಿವರ ಕೇಳಿ, ಬಂದ ಉತ್ತರ ಲಗತ್ತಿಸಿದ.

ಮೇಲಧಿಕಾರಿ ಬುಶ್ರಾ ಪ್ರಶ್ನೆಗಳ ದಾಖಲೆಯನ್ನೂ ತರಿಸಿ ನೋಡಿದಳು.

"ಈ ಝೋರ್ ಯಾರು?"

"ನಮ್ಮಕ್ಕ."

ಬುಶ್ರಾ ದಾಖಲೆಯನ್ನು ಮುಚ್ಚಿಟ್ಟಳು. ಆಮೇಲೆ ಸೋಮವಾರದ ಉದ್ಘಾಟನೆ ಮುಂದಕ್ಕೆ ಹಾಕಿಸಿದಳು. ಯಾರಿಗೆ ಯಾವ ಕಡತ ನೋಡುವ ಹಕ್ಕಿದೆಯೋ ಅಷ್ಟರಿಂದ ಮಾತ್ರ ಉತ್ತರ ಬರುವಂತೆ ತಂಡ ಎಲ್ಲವನ್ನೂ ಬದಲಿಸಿತು. ಅಬ್ದೆಲ್‌ಹಕ್ ಅಕ್ಕನ ಹೆಸರನ್ನು ಮತ್ತೆ ಹೊಡೆದ. ನಿಮಗೆ ಅನುಮತಿ ಇಲ್ಲ ಎಂದಿತು. ಪರೀಕ್ಷೆ ಪಾಸು ಎಂದು ಗುರುತು ಹಾಕಿದ.

ಶುಕ್ರವಾರ ಎಂದಿನಂತೆ ಅಕ್ಕನ ಮನೆಯಲ್ಲಿ ಕುಸ್‌ಕುಸ್ ಊಟ. ತಟ್ಟೆಯ ಮಾಂಸವನ್ನೆಲ್ಲ ಅವನ ಕಡೆಗೇ ತಳ್ಳುತ್ತ ಝೋರ್ ಕೆಣಕಿದಳು. "ಏನೋ, ನಿನ್ನ ಆ ಯಂತ್ರ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಂತೆ?"

"ಈಗ ಕೊಡಲ್ಲ. ಬಾಯಿ ಮುಚ್ಚಿಸಿದೀವಿ."

"ಒಳ್ಳೇದಾಯ್ತು ಬಿಡು. ಎಲ್ಲಾ ಎಲ್ಲರಿಗೂ ಯಾಕೆ ಗೊತ್ತಾಗಬೇಕು?"

ಅವಳು ತಳ್ಳಿದ್ದನ್ನೆಲ್ಲ ತಿಂದ. ರುಚಿ ತಿಳಿಯಲಿಲ್ಲ. ಗೊತ್ತಿದೆ ಎಂದು ಹೇಳಿಬಿಡಲೇ ಎಂದುಕೊಂಡ. ಆದರೆ ಅದು ಅವಳು ತನಗೆ ಕೊಟ್ಟ ಸುದ್ದಿಯಲ್ಲ.

ರಮ್ಜಾನ್ ಹತ್ತಿರ ಬಂದಾಗ ಕಾಯಿಲೆಯ ವಿಷಯ ಅವಳೇ ಹೇಳಿದಳು. ಮೊದಲ ಸಲ ಕೇಳುವವನಂತೆ ಅವನು ಕೇಳಿಸಿಕೊಂಡ.

"ನೀನು ಅತ್ತುಬಿಡ್ತೀಯ ಅಂತ ಹೇಳಿರಲಿಲ್ಲ ಕಣೋ," ಅಂದಳು.

ಅವನಿಗೆ ಅಳು ಬರಲಿಲ್ಲ. ಚಹಾ ಆರಿಹೋಗಿದೆ ಎಂದು ಎದ್ದು, ಕೆಟಲ್ ತೆಗೆದುಕೊಂಡು ಅಡುಗೆಮನೆಗೆ ಹೋದ. ಬಿಸಿಯಾಗುವವರೆಗೂ ಒಲೆಯ ಮುಂದೆಯೇ ನಿಂತಿದ್ದ.