ಬಟಾಣಿಯ ಕೋಟು

ಜನಕಪುರಿಯ ಆ ಮನೆಯ ಬಾಲ್ಕನಿಯಿಂದ ಪಾರ್ಕು ಕಾಣುತ್ತಿತ್ತು. ಚಳಿಗಾಲದಲ್ಲಿ ಬಿಸಿಲು ಬಿದ್ದ ಕೂಡಲೇ ಹೆಂಗಸರು ಚಾಪೆ ಹಾಸಿ ಕೂತು, ಹಸಿ ಬಟಾಣಿ ಸುಲಿಯುತ್ತ ಮಧ್ಯಾಹ್ನದವರೆಗೆ ಮಾತಾಡುತ್ತಿದ್ದರು. ಪದ್ಮಾ ಮೇಲಿನಿಂದ ನೋಡುತ್ತಿದ್ದಳು. ಮದುವೆಯಾಗಿ ಹಾಸನದಿಂದ ಈ ಹಿಂದಿ ಊರಿಗೆ ಬಂದಾಗಿನಿಂದ ಅವಳು ಹೊರಗೆ ಮಾತಾಡಿದ್ದು ತರಕಾರಿ ಭಯ್ಯಾನ ಹತ್ತಿರ ಮಾತ್ರ, ಅದೂ ಬೆರಳು ತೋರಿಸಿ.

ಗಂಡ ಕೇಶವಮೂರ್ತಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ಮಂಜಿನಲ್ಲಿ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ತನ್ನನ್ನು ಊರಿಗೆ ಕಳಿಸಿಬಿಡಿ ಎಂದು ಅವಳು ಕೇಳಿದಾಗ ಅವನು ಜಗಳವಾಡಲಿಲ್ಲ. ಭಾನುವಾರ ಟಿಕೆಟ್ ಮಾಡಿಸುತ್ತೇನೆ ಎಂದು ತಟ್ಟೆ ಎತ್ತಿಕೊಂಡು ಎದ್ದ. ಅವಳು ಹೋದರೆ ಬೇಗ ವಾಪಸು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಸೋದರತ್ತೆ ಶಾಂತಮ್ಮ ಊರಿಂದ ಫೋನ್ ಮಾಡಿದರು. ಪಾರ್ಕಿಗಾದರೂ ಹೋಗಬಾರದೇ ಎಂದದ್ದಕ್ಕೆ ಪದ್ಮಾ, ಸ್ವಲ್ಪ ಹಿಂದಿ ಬರಲಿ, ಮನಸ್ಸು ಬರಲಿ, ಆಮೇಲೆ ಹೋಗುತ್ತೇನೆ ಎಂದಳು.

“ನಿಮ್ಮ ಮಾವ ಹೋದಮೇಲೆ ನಾನೂ ಮನಸ್ಸು ಬರಲಿ ಅಂತ ಕಾದಿದ್ರೆ ಇವತ್ತಿಗೂ ಒಲೆ ಹಚ್ತಿರಲಿಲ್ಲ ಕಣೇ. ಮನಸ್ಸು ಸೋಮಾರಿ, ಹಿಂದಿನಿಂದ ಬರುತ್ತೆ. ನೀನು ಮೊದಲು ಚಪ್ಪಲಿ ಮೆಟ್ಟು.”

ಪದ್ಮಾ ಚಪ್ಪಲಿ ಮೆಟ್ಟಿದಳು. ಮನಸ್ಸು ಬರಲಿಲ್ಲ. ಮೆಟ್ಟಿಲಿಳಿಯುವಾಗಲೂ ಬರಲಿಲ್ಲ. ಬಟಾಣಿ ಚೀಲ ಹಿಡಿದು ಹೋಗಿ ಚಾಪೆಯ ಅಂಚಿನಲ್ಲಿ ಕೂತಳು. ಯಾರೋ ಏನೋ ಕೇಳಿದರು, ತಲೆಯಾಡಿಸಿದಳು. ಅವರು ತಮ್ಮ ಮಾತಿಗೆ ಮರಳಿದರು. ಬಾಲ್ಕನಿಗಿಂತ ಇಲ್ಲೇ ಹೆಚ್ಚು ಒಂಟಿ ಅನ್ನಿಸಿತು. ತಲೆ ತಗ್ಗಿಸಿ ಸುಲಿಯತೊಡಗಿದಳು.

ಅವರೆಕಾಯಿಯ ಕಾಲದಲ್ಲಿ ಮನೆಮಂದಿಯ ಜೊತೆ ಕೂತು, ನೆನೆಸಿದ ಕಾಳು ಹಿತುಕಿ ಸಿಪ್ಪೆ ತೆಗೆದು ಪಳಗಿದ ಬೆರಳುಗಳು ಅವಳವು. ಎಲ್ಲೋ ಯೋಚನೆಯಲ್ಲಿದ್ದವಳು ಬಟಾಣಿ ಕಾಳನ್ನೂ ಒಂದೊಂದಾಗಿ ಹಿತುಕಿ ಮೇಲಿನ ತೆಳು ಸಿಪ್ಪೆ ತೆಗೆಯುತ್ತಿದ್ದಳು. ಸುತ್ತಲಿನವರು ಅವಳತ್ತ ತಿರುಗಿದರು. ಎದುರು ಕೂತಿದ್ದ ಮುದುಕಿ ಬಗ್ಗಿ ನೋಡಿ, ತನ್ನ ಸ್ವೆಟರಿನ ಗುಂಡಿ ಬಿಚ್ಚಿ ನಡುಗಿ ತೋರಿಸಿ, ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು.

“ಬೇಟಿ, ಇಂಥ ಚಳೀಲಿ ಪಾಪ ಅದರ ಕೋಟು ಯಾಕೆ ಬಿಚ್ತೀ?”

ಎಲ್ಲರೂ ನಕ್ಕರು. ಪದ್ಮಾಗೆ ಅರ್ಥವಾಯಿತು, ಕಿವಿ ಬಿಸಿಯಾಯಿತು. ಎದ್ದು ಹೋಗಬೇಕೆನ್ನಿಸಿತು. ಆದರೆ ಮಡಿಲ ತುಂಬ ಕಾಳಿತ್ತು. “ಹಮಾರಾ ಗಾಂವ್… ಐಸಾ,” ಎಂದಳು, ನಮ್ಮೂರಲ್ಲಿ ಹೀಗೇ ಎನ್ನುವಂತೆ. ಮುದುಕಿ ತಾನೂ ಒಂದು ಕಾಳು ಹಿತುಕಿದಳು. ಅದು ಹಾರಿ ಪಕ್ಕದವಳ ಚಹಾಕ್ಕೆ ಬಿತ್ತು.

ಭಾನುವಾರ ಬೆಳಿಗ್ಗೆ ಎದ್ದಾಗ ಮತ್ತೆ ಮನಸ್ಸಿರಲಿಲ್ಲ; ಅದೇ ಮಂಜು, ಅದೇ ಭಾರ. ಕೇಶವಮೂರ್ತಿ ಫೋನ್ ಹಿಡಿದು ಕೂತಿದ್ದ.

“ಟಿಕೆಟ್ ಬುಕ್ ಮಾಡ್ಲಾ?”

“ತಡೀರಿ,” ಎಂದು ಪದ್ಮಾ ಬಾಗಿಲ ಹಿಂದೆ ಚಪ್ಪಲಿ ಹುಡುಕಿದಳು. “ಬಿಸಿಲು ಬರೋ ಹಾಗಿದೆ.”